ಚೈನ್ ಕವರ್ ಕೂರಿಸುವ ಕಸುಬು

ಮಾರುತಿ 800 ಕಾರಿನ ಎಂಜಿನ್ನಿನಲ್ಲಿದ್ದದ್ದು ಟೈಮಿಂಗ್ ಬೆಲ್ಟ್. ರಬ್ಬರಿನ ಬೆಲ್ಟಿಗೆ ಎಣ್ಣೆ ತಾಗಲೇಬಾರದು. ಹಾಗಾಗಿ ದೂಳು, ನೀರು ತಡೆಯಲು ಒಂದು ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಸಾಕಿತ್ತು. 2008ರಲ್ಲಿ ಎ-ಸ್ಟಾರ್ ಕಾರಿನೊಂದಿಗೆ ಮಾರುತಿಯ ಕೆ-ಸರಣಿಯ ಎಂಜಿನ್ ಬಂತು. ಆಮೇಲೆ ರಿಟ್ಜ್, ವ್ಯಾಗನ್ ಆರ್, ಸ್ವಿಫ್ಟ್‌ಗಳಲ್ಲೂ ಅದೇ ಕುಟುಂಬದ ಎಂಜಿನ್ನುಗಳು ಕೂತವು. ಇವುಗಳಲ್ಲಿ ಬೆಲ್ಟ್ ಹೋಗಿ ಉಕ್ಕಿನ ಚೈನ್ ಬಂದಿತ್ತು. ಚೈನ್ ಓಡುವುದೇ ಎಣ್ಣೆಯಲ್ಲಿ. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದೂ ಎಣ್ಣೆಯ ಒತ್ತಡದಿಂದಲೇ. ಹೀಗಾಗಿ ಅದರ ಮುಚ್ಚಳ ಅಲ್ಯೂಮಿನಿಯಮ್ಮಿನದು, ಹನಿ ಎಣ್ಣೆಯೂ ಹೊರಬರದಂತೆ ಕೂರಬೇಕಾದದ್ದು. ನಡುವೆ ಕಾಗದದ ಪ್ಯಾಕಿಂಗ್ ಇಲ್ಲ. ಎರಡು ಲೋಹದ ಮುಖಗಳ ಮಧ್ಯೆ ಇರುವುದು ತೆಳುವಾದ ಸಿಲಿಕಾನ್ ಪೇಸ್ಟ್ ಮಾತ್ರ.

ಆ ಕವರನ್ನು ಬಿಚ್ಚಿ, ಮತ್ತೆ ಸೋರದಂತೆ ಕೂರಿಸುವುದು ನಮ್ಮ ಗ್ಯಾರೇಜುಗಳ ಅತ್ಯಂತ ತಾಳ್ಮೆಯ ಕೆಲಸಗಳಲ್ಲಿ ಒಂದು. ಬಿಲ್ಲಿನಲ್ಲಿ ಅದು ಒಂದೇ ಸಾಲು. ಪೇಸ್ಟಿನ ಟ್ಯೂಬಿಗೆ ಕೆಲವು ನೂರು ರೂಪಾಯಿ, ಉಳಿದದ್ದೆಲ್ಲ ಕೂಲಿ. ಆ ಕೂಲಿಯ ಬಗ್ಗೆ ಚೌಕಾಸಿ ಮಾಡುವ ಮುನ್ನ ಒಳಗೆ ಏನು ನಡೆಯುತ್ತದೆ ಎಂದು ತಿಳಿಯುವುದು ಒಳ್ಳೆಯದು.

ಬಿಚ್ಚುವ ಮೊದಲೇ ಒಂದು ಪರೀಕ್ಷೆ ಇದೆ. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಗಾಳಿಗೆ ಹರಡುತ್ತದೆ. ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಒಣಗಿ ಸೋರಿದರೂ ಚೈನ್ ಕವರೇ ಸೋರಿದಂತೆ ಕಾಣುತ್ತದೆ. ಅನುಭವಸ್ಥ ಮೇಸ್ತ್ರಿ ಎಂಜಿನ್ನಿನ ಆ ಬದಿಯನ್ನು ಚೆನ್ನಾಗಿ ತೊಳೆದು, ಒಣಗಿಸಿ, ಜೋಡಣೆಯ ಗೆರೆಯುದ್ದಕ್ಕೂ ಟಾಲ್ಕಂ ಪೌಡರ್ ಉದುರಿಸುತ್ತಾನೆ. ಎಂಜಿನ್ ಬಿಸಿಯಾಗುವವರೆಗೆ ಓಡಿಸಿ ಟಾರ್ಚ್ ಹಿಡಿದು ನೋಡಿದರೆ, ಬಿಳಿ ಪೌಡರಿನಲ್ಲಿ ಕಂದು ಗೆರೆ ಮೊದಲು ಎಲ್ಲಿ ಮೂಡುತ್ತದೋ ಅಲ್ಲೇ ಸೋರಿಕೆ. ಜೊತೆಗೆ ಎಂಜಿನ್ನಿನ ಒಳಗಿನ ಅನಿಲವನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದೆಯೇ ಎಂದೂ ನೋಡಬೇಕು. ಅದು ಕಟ್ಟಿದ್ದರೆ ಒಳಗಿನ ಒತ್ತಡ ಏರಿ, ಎಷ್ಟೇ ಚೆನ್ನಾಗಿ ಕೂರಿಸಿದ ಕವರಿನಿಂದಲೂ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ.

ಬಿಚ್ಚುವ ಕೆಲಸ ದೊಡ್ಡದಾದರೂ ನೇರ. ಎಣ್ಣೆ ಇಳಿಸಿ, ಫ್ಯಾನ್ ಬೆಲ್ಟ್ ತೆಗೆದು, ಎಂಜಿನ್ನಿಗೆ ಕೆಳಗಿನಿಂದ ಮರದ ತುಂಡಿಟ್ಟು ಜಾಕ್ ಕೊಟ್ಟು, ಬಲಬದಿಯ ಮೌಂಟಿಂಗ್ ಬಿಚ್ಚಬೇಕು. ಟ್ಯಾಪೆಟ್ ಕವರ್ ತೆಗೆಯಬೇಕು. ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಬಹಳ ಬಿಗಿ; ಪುಲ್ಲಿಯನ್ನು ಹಿಡಿಯುವ ಸರಿಯಾದ ಹೋಲ್ಡರ್ ಇಲ್ಲದೆ ಅದಕ್ಕೆ ಕೈಹಾಕಬಾರದು. ಕವರಿನ ಬೋಲ್ಟುಗಳು ಒಂದೇ ಉದ್ದದವಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಗೀಚಿ, ಆಯಾ ಜಾಗದಲ್ಲಿ ತೂತು ಮಾಡಿ, ಬಿಚ್ಚಿದ ಬೋಲ್ಟನ್ನು ಅಲ್ಲೇ ಸಿಕ್ಕಿಸಿಡುವ ಗ್ಯಾರೇಜನ್ನು ಕಣ್ಣುಮುಚ್ಚಿ ನಂಬಬಹುದು. ಗಿಡ್ಡ ಬೋಲ್ಟಿನ ಜಾಗಕ್ಕೆ ಉದ್ದದ್ದು ಹೋದರೆ ತುದಿ ತಳಕ್ಕೆ ತಾಗಿ, ಬಿಗಿಯಾದಂತೆ ಅನ್ನಿಸಿದರೂ ಕವರ್ ಒತ್ತುವುದಿಲ್ಲ. ಇನ್ನೂ ತಿರುಗಿಸಿದರೆ ಥ್ರೆಡ್ಡೇ ಕಿತ್ತುಬರುತ್ತದೆ.

ಬೋಲ್ಟ್ ಎಲ್ಲ ಬಂದ ಮೇಲೂ ಕವರ್ ಅಲುಗುವುದಿಲ್ಲ. ಹಳೆಯ ಸಿಲಿಕಾನ್ ಕಚ್ಚಿಕೊಂಡಿರುತ್ತದೆ. ಸಂದಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ ಮೀಟುವ ಆಸೆ ಹುಟ್ಟುವುದು ಇಲ್ಲೇ. ಅಲ್ಯೂಮಿನಿಯಂ ಮೆದು, ಅಲ್ಲಿ ಬಿದ್ದ ಒಂದು ಗೀರು ಎಣ್ಣೆಗೆ ಶಾಶ್ವತ ಕಾಲುವೆ. ಮೀಟಲೆಂದೇ ಕವರಿನ ಅಂಚಿನಲ್ಲಿ ಒಂದೆರಡು ಕಡೆ ಚಾಚು ಬಿಟ್ಟಿರುತ್ತಾರೆ. ಅಲ್ಲಿ ಮಾತ್ರ, ಸ್ವಲ್ಪಸ್ವಲ್ಪವೇ, ಬದಿ ಬದಲಿಸುತ್ತ ಎಬ್ಬಿಸಬೇಕು.

ಈ ಕಸುಬಿನ ಜೀವಾಳ ಇರುವುದು ಪೇಸ್ಟ್ ಹಚ್ಚುವುದರಲ್ಲಲ್ಲ, ಒರೆಸುವುದರಲ್ಲಿ. ಹಳೆಯ ಸಿಲಿಕಾನಿನ ಮೇಲೆ ಹೊಸದು ಹಿಡಿಯುವುದಿಲ್ಲ. ಬ್ಲಾಕ್, ಹೆಡ್, ಕೆಳಗೆ ಎಣ್ಣೆ ನಿಲ್ಲುವ ಚೇಂಬರ್, ಕವರ್ ನಾಲ್ಕರ ಮುಖಗಳನ್ನೂ ಪ್ಲಾಸ್ಟಿಕ್ ಕೆರೆಗತ್ತಿಯಿಂದ ಕೆರೆಯಬೇಕು. ಬೋಲ್ಟಿನ ತೂತುಗಳೊಳಗಿನ ಎಣ್ಣೆಯನ್ನೂ ತೆಗೆಯಬೇಕು. ಡ್ರಿಲ್ಲಿಗೆ ಸವೆಸುವ ಡಿಸ್ಕ್ ಹಾಕಿ ಉಜ್ಜಿದರೆ ಹತ್ತು ನಿಮಿಷದಲ್ಲಿ ಫಳಫಳ ಹೊಳೆಯುತ್ತದೆ, ನಿಜ. ಆದರೆ ಆ ಡಿಸ್ಕಿನ ಪುಡಿ ಎಣ್ಣೆಯೊಂದಿಗೆ ಸೇರಿ ಬೇರಿಂಗುಗಳನ್ನು ತಿನ್ನುತ್ತದೆ. ಕೊನೆಗೆ ಬ್ರೇಕ್ ಕ್ಲೀನರ್ ಹಾಕಿ, ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಬಿಡಬಾರದು. ಉಗುರಿನ ತುದಿಯನ್ನು ಆ ಮುಖದ ಮೇಲೆ ಎಳೆದರೆ ಎಲ್ಲೂ ತಡೆಯಬಾರದು. ಅಷ್ಟಾದ ಮೇಲೆ ಬರಿಗೈ ಸೋಕಿಸುವಂತಿಲ್ಲ. ಬೆರಳಿನ ಜಿಡ್ಡೂ ಜಿಡ್ಡೇ.

ಪೇಸ್ಟನ್ನು ರಂಗೋಲಿಯ ಎಳೆಯಂತೆ ಕೈ ಎತ್ತದೆ ಎಳೆಯಬೇಕು. ದಪ್ಪ ಸುಮಾರು 3 ಮಿಲಿಮೀಟರ್. ಬೋಲ್ಟ್ ತೂತಿನ ಒಳಬದಿಯಿಂದ ಹಾಯಬೇಕು. ಬ್ಲಾಕಿಗೆ ಹೆಡ್ ಸೇರುವಲ್ಲಿ, ಬ್ಲಾಕಿಗೆ ಚೇಂಬರ್ ಸೇರುವಲ್ಲಿ, ಅಂದರೆ ಮೂರು ಭಾಗಗಳು ಕೂಡುವ ಮೂಲೆಗಳಲ್ಲಿ, ಒಂದೊಂದು ಹನಿ ಹೆಚ್ಚು. ಸೋರಿಕೆ ಬಹುಪಾಲು ಶುರುವಾಗುವುದೇ ಆ ಮೂಲೆಗಳಿಂದ. ಭಯಕ್ಕೆ ಬಿದ್ದು ಎಲ್ಲೆಡೆ ದಪ್ಪ ಮೆತ್ತುವುದು ಸೋರಿಕೆಗಿಂತ ದೊಡ್ಡ ಅಪಾಯ. ಬಿಗಿದಾಗ ಒಳಕ್ಕೆ ಉಕ್ಕಿದ ಸಿಲಿಕಾನ್ ಮುಂದೊಂದು ದಿನ ತುಂಡಾಗಿ ಚೇಂಬರಿಗೆ ಬಿದ್ದು ಎಣ್ಣೆ ಪಂಪಿನ ಜಾಲರಿಗೆ ಅಂಟಿಕೊಳ್ಳುತ್ತದೆ. ಎಣ್ಣೆ ಮೇಲೇರದ ಎಂಜಿನ್ ಉಳಿಯುವುದಿಲ್ಲ.

ಪೇಸ್ಟ್ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಮೇಲೆ ಪೊರೆ ಕಟ್ಟುತ್ತದೆ. ಅಷ್ಟರೊಳಗೆ ಕವರನ್ನು ಜಾರಿಸದೆ ನೇರವಾಗಿ ಒತ್ತಿ, ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಲ್ಲಿ, ಆಮೇಲೆ ಕಂಪನಿ ಹೇಳಿದ ಕ್ರಮದಲ್ಲಿ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಕ್ರ್ಯಾಂಕಿನ ಆಯಿಲ್ ಸೀಲ್ ಹೊಸದೇ ಇರಬೇಕು, ಅದರ ತುಟಿಗೆ ಸ್ವಲ್ಪ ಎಂಜಿನ್ ಎಣ್ಣೆ ಸವರಿರಬೇಕು. ಇಷ್ಟೆಲ್ಲ ಬಿಚ್ಚಿ ಹಳೆಯ ಸೀಲನ್ನೇ ಬಿಡುವುದು ಉಳಿತಾಯವಲ್ಲ.

ಸಿಲಿಕಾನ್ ಗಟ್ಟಿಯಾಗುವುದು ಗಾಳಿಯ ತೇವದಿಂದ, ಹೊರಗಿನಿಂದ ಒಳಕ್ಕೆ. ಬಿಸಿಗಾಳಿ ಊದಿ ಅವಸರ ಮಾಡಿಸಲು ಬರುವುದಿಲ್ಲ. ಪೂರ್ತಿ ಹದಕ್ಕೆ ಬರಲು ಸಾಮಾನ್ಯವಾಗಿ 24 ಗಂಟೆ ಬೇಕು. ಆದ್ದರಿಂದ ಕಾರು ಬಿಟ್ಟವರು ಸಂಜೆಗೇ ಬೇಕೆಂದು ಮೇಸ್ತ್ರಿಯ ತಲೆಯ ಮೇಲೆ ಕೂರಬೇಡಿ. ಒಂದು ರಾತ್ರಿ ಹೆಚ್ಚು ಕೊಡಿ, ಕೇಳಿದ ಕೂಲಿ ನ್ಯಾಯವಾಗಿದ್ದರೆ ಕೊಡಿ. ಸಾಧ್ಯವಾದರೆ ಪೇಸ್ಟ್ ಹಚ್ಚುವ ಮೊದಲು ಹೋಗಿ, ಒರೆಸಿಟ್ಟ ಆ ಮುಖವನ್ನು ಒಮ್ಮೆ ಕಣ್ಣಾರೆ ನೋಡಿ ಬನ್ನಿ.