ಕಾಲ್ಚೆಂಡಿನ ಕರಾರಿನಲ್ಲಿ ಗಣಿತ

‘ನೀನು ಗೋಲು ಹೊಡೆದಾಗಲೆಲ್ಲ 10,000 ಪೌಂಡು ಬಹುಮಾನ’ ಎಂದು ಗೋಲುರಕ್ಷಕನಿಗೆ ಮಾತು ಕೊಟ್ಟರೆ ತಂಡದ ಯಜಮಾನನಿಗೆ ನಷ್ಟವೇನು? ಬಹುಮಟ್ಟಿಗೆ ಏನೂ ಇಲ್ಲ! ಇಂತಹ ಆಮಿಷಕ್ಕೆ ಮರುಳಾಗದ ಆಟಗಾರನನ್ನು ಗಣಕಯಂತ್ರದೊಳಗೆ ನಿರ್ಮಿಸುವುದು ಹೇಗೆ?

1992ರಲ್ಲಿ ಇಂಗ್ಲೆಂಡಿನ ಕೊಲ್ಯರ್ ಸೋದರರು ‘ಚಾಂಪಿಯನ್‌ಷಿಪ್ ಮ್ಯಾನೇಜರ್’ ಎಂಬ ಗಣಕದ ಆಟವನ್ನು ಹೊರತಂದರು. ಅದೇ ಪರಂಪರೆಯ ‘ಫುಟ್‌ಬಾಲ್ ಮ್ಯಾನೇಜರ್’ ಆಟದಲ್ಲಿ ನಾವು ಚೆಂಡನ್ನು ಒದೆಯುವುದಿಲ್ಲ, ತಂಡವನ್ನು ನಡೆಸುತ್ತೇವೆ. ಆಟಗಾರನೊಡನೆ ಕರಾರು ಮಾಡುವಾಗ ವಾರದ ಸಂಬಳವಲ್ಲದೆ ಪಂದ್ಯಕ್ಕಿಷ್ಟು, ಗೋಲಿಗಿಷ್ಟು ಎಂದೂ ಗೊತ್ತುಮಾಡಬಹುದು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ವಾರಕ್ಕೆ 1,000 ಪೌಂಡಿನಂತೆ ವರ್ಷದ 52 ವಾರಗಳಿಗೆ 52,000 ಆಯಿತು. ಇದರ ಬದಲು ವಾರಕ್ಕೆ 500, ಆಡಿದ ಪ್ರತಿ ಪಂದ್ಯಕ್ಕೆ 1,000 ಎಂದರೆ? 26 ಪಂದ್ಯಗಳನ್ನು ಆಡಿದರೆ ಮೊತ್ತ ಅಷ್ಟೇ. ಕಾಲು ಮುರಿದು 6 ಪಂದ್ಯಗಳಿಗೇ ನಿಂತರೆ 32,000 ಮಾತ್ರ. ಗಾಯದ ಹೊರೆ ತಂಡದ ಹೆಗಲಿನಿಂದ ಆಟಗಾರನ ಹೆಗಲಿಗೆ ಜಾರಿತು!

ಆದ್ದರಿಂದ ಯಂತ್ರದೊಳಗಿನ ಆಟಗಾರನು ಬಹುಮಾನದ ಮೊತ್ತವನ್ನು ಅದು ಕೈಸೇರುವ ಸಂಭವದಿಂದ ಗುಣಿಸಿ ತೂಗಬೇಕು. ಗೋಲುರಕ್ಷಕನಿಗೆ ಆ ಸಂಭವ ಸೊನ್ನೆಗೆ ಸಮೀಪ, ಗುಣಲಬ್ಧವೂ ಹಾಗೆಯೇ. ವಿನ್ಯಾಸಕಾರನು ಇದನ್ನು ಮರೆತರೆ ಜಾಣನಾದ ಆಡುಗನು ಆ ಕಂಡಿಯಲ್ಲಿ ನುಸುಳಿಬಿಡುತ್ತಾನೆ. ಆಟದ ಸ್ವಾರಸ್ಯ ಅಲ್ಲಿಗೆ ಮುಗಿಯಿತು. ನಾಳೆ ಉದ್ಯೋಗದ ಕರಾರಿಗೆ ರುಜು ಹಾಕುವ ಮುನ್ನ ಈ ಗುಣಾಕಾರವು ನಮಗೂ ನೆನಪಿರಲಿ.