ಫೈಲಿಗೆ ಬೀಗ ಹಾಕುವ ಪುಟ್ಟ ಪ್ರೋಗ್ರಾಂಗೆ ಇಷ್ಟೊಂದು ಆರೈಕೆ ಏಕೆ?

ಪ್ರಶ್ನೆ: ಒಂದೇ ಸ್ಕ್ರಿಪ್ಟ್ ಏಕಕಾಲಕ್ಕೆ ಎರಡು ಸಲ ಓಡದಂತೆ ತಡೆಯಲು ಲಿನಕ್ಸ್‌ನಲ್ಲಿ ‘ಫ್ಲಾಕ್’ ಬಳಸುತ್ತೇವೆ. ಇಷ್ಟು ಚಿಕ್ಕ ಪ್ರೋಗ್ರಾಂ ಅನ್ನು ಬೇರೆ ಯುನಿಕ್ಸ್‌ಗಳಿಗೂ ಒಗ್ಗಿಸುವುದು ಅಷ್ಟು ಕಷ್ಟವೇ?

ಉತ್ತರ: ಕೋಡ್ ಚಿಕ್ಕದೇ. ತಕರಾರಿರುವುದು ಬೀಗ ಯಾರಿಗೆ ಸೇರಿದ್ದು ಎಂಬುದರಲ್ಲಿ. 1983ರ 4.2ಬಿಎಸ್‌ಡಿಯಲ್ಲಿ ಬಂದ ಫ್ಲಾಕ್ ಬೀಗ ತೆರೆದಿಟ್ಟ ಫೈಲಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಮರಿ ಪ್ರೋಸೆಸ್‌ಗೂ ದಾಟುತ್ತದೆ. ಯುನಿಕ್ಸ್‌ಗಳ ಸಾಮಾನ್ಯ ಮಾನದಂಡವಾದ ಪೋಸಿಕ್ಸ್ ಒಪ್ಪಿದ ‘ಎಫ್‌ಸಿಎನ್‌ಟಿಎಲ್’ ಬೀಗ ಪ್ರೋಸೆಸ್‌ನ ಸ್ವತ್ತು, ಮರಿಗಳಿಗೆ ಸಿಗದು. ಅದಕ್ಕೊಂದು ಕೆಟ್ಟ ಚಾಳಿಯೂ ಇದೆ: ನಿಮ್ಮ ಪ್ರೋಗ್ರಾಂ ಬಳಸುವ ಯಾವುದೋ ಲೈಬ್ರರಿ ಅದೇ ಫೈಲನ್ನು ತೆರೆದು ಮುಚ್ಚಿದರೆ ಸಾಕು, ನೀವು ಹಾಕಿದ ಬೀಗವೂ ಕಳಚಿಬೀಳುತ್ತದೆ. ದೋಷದ ಸಂದೇಶವೂ ಬರುವುದಿಲ್ಲ! ಇಂಥ ನಿಯಮ ಯಾರಿಗೆ ಬೇಕಿತ್ತೋ ಕಾಣೆ.

ನೆಟ್‌ವರ್ಕ್ ಮೂಲಕ ಫೈಲುಗಳನ್ನು ಹಂಚುವ ಎನ್‌ಎಫ್‌ಎಸ್ ಇನ್ನೊಂದು ತಲೆನೋವು. ಲಿನಕ್ಸ್ 2.6.12ಕ್ಕೆ ಮುಂಚೆ ಅಲ್ಲಿ ಹಾಕಿದ ಫ್ಲಾಕ್ ಆ ಯಂತ್ರದ ಮಟ್ಟಿಗೆ ಮಾತ್ರ ನಡೆಯುತ್ತಿತ್ತು. ಆಮೇಲೆ ಅದನ್ನು ಒಳಗೊಳಗೇ ಎಫ್‌ಸಿಎನ್‌ಟಿಎಲ್ ಬೀಗವಾಗಿ ಮಾರ್ಪಡಿಸಲಾಗುತ್ತಿದೆ.

ಫ್ರೀಬಿಎಸ್‌ಡಿಯಲ್ಲಿ ಇದೇ ಕೆಲಸಕ್ಕೆ ‘ಲಾಕ್‌ಎಫ್’ ಎಂಬ ಕಮಾಂಡ್ ಇದೆ. ಬೀಗ ಸಿಗದಿದ್ದರೆ ಅದು 75 ಎಂಬ ನಿರ್ಗಮನ ಸಂಖ್ಯೆಯಿಂದ ಉತ್ತರಿಸುತ್ತದೆ. ಕಾಯಬೇಡ ಎಂದು ಹೇಳಿಟ್ಟ ಲಿನಕ್ಸ್ ಫ್ಲಾಕ್ 1 ಎನ್ನುತ್ತದೆ. ಎರಡೂ ಕಡೆ ನಡೆಯಬೇಕಾದ ಸ್ಕ್ರಿಪ್ಟ್‌ಗೆ ಇದೂ ಗೊತ್ತಿರಬೇಕು.

ನಿಮಗೊಂದು ಮಾತು: ಕೆಲಸ ಮುಗಿಯಿತೆಂದು ಬೀಗದ ಫೈಲನ್ನು ಅಳಿಸಬೇಡಿ. ಅಳಿಸಿದರೆ ಕಾಯುತ್ತಿದ್ದ ಪ್ರೋಸೆಸ್‌ಗೆ ಹಳೆಯ ಫೈಲಿನ ಬೀಗ, ಆಮೇಲೆ ಬಂದದ್ದಕ್ಕೆ ಅದೇ ಹೆಸರಿನ ಹೊಸ ಫೈಲಿನ ಬೀಗ ಸಿಕ್ಕಿ ಎರಡೂ ಒಟ್ಟಿಗೇ ಒಳನುಗ್ಗುತ್ತವೆ.