ಅಚ್ಚಾದದ್ದೆಲ್ಲವೂ ಸತ್ಯವೇ?
ಸಂಶೋಧನಾ ಪತ್ರಿಕೆಗಳ ಪ್ರಾಮಾಣಿಕತೆಯೂ ನಮ್ಮ ಮನೆಯ ಆರೋಗ್ಯವೂ

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬುದು ನಮ್ಮ ಹಿರಿಯರ ಮಾತು. ವಿಜ್ಞಾನದ ಸಮಸ್ತ ವ್ಯವಹಾರವೂ ಈ ಒಂದು ಮಾತಿನಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು. ವಿಜ್ಞಾನಿಯಾದವನು ತಾನು ಕಂಡದ್ದನ್ನು ತಾನೇ ನಂಬಿ ಸುಮ್ಮನಿರುವಂತಿಲ್ಲ; ಅದನ್ನು ಬರೆದು, ಬಲ್ಲವರ ಮುಂದಿಟ್ಟು, ಅವರ ಪರೀಕ್ಷೆಗೆ ಒಪ್ಪಿಸಬೇಕು. ಈ ಕಾರ್ಯಕ್ಕಾಗಿಯೇ ಹುಟ್ಟಿದವು ಸಂಶೋಧನಾ ಪತ್ರಿಕೆಗಳು. ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲಿ 'ಫಿಲಸಾಫಿಕಲ್ ಟ್ರಾನ್ಸ್ಯಾಕ್ಷನ್ಸ್' ಎಂಬ ಪತ್ರಿಕೆಯನ್ನು ಆರಂಭಿಸಿದಂದಿನಿಂದ ಈ ಪರಂಪರೆ ಬೆಳೆದುಬಂದಿದೆ. ನಮ್ಮ ಬೆಂಗಳೂರಿನಲ್ಲಿ 1932ರಲ್ಲಿ ಹುಟ್ಟಿದ 'ಕರೆಂಟ್ ಸೈನ್ಸ್' ಈ ಪರಂಪರೆಯ ಒಂದು ಗೌರವಾನ್ವಿತ ಕೊಂಡಿ.

ಇದು ಪಂಡಿತರ ವ್ಯವಹಾರ. ಬೆಳಗಿನ ಲೋಕಲ್ ಗಾಡಿ ಹಿಡಿದು ಕಚೇರಿ ಸೇರಿ, ಕತ್ತಲಾದ ಮೇಲೆ ಮನೆ ಮುಟ್ಟುವ ನಮಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದದ್ದೇ. ಆದರೆ ಮನೆಯ ಹಿರಿಯರು ರಕ್ತದೊತ್ತಡಕ್ಕೆಂದು ದಿನವೂ ನುಂಗುವ ಗುಳಿಗೆಯ ಪ್ರಮಾಣ, ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಅರಿವಳಿಕೆ, ಹಸುಗೂಸಿಗೆ ಲಸಿಕೆ ಹಾಕಿಸಬೇಕಾದ ತಿಂಗಳು, ಇವೆಲ್ಲವನ್ನೂ ಮೊದಲು ತೂಗಿ ನೋಡಿದ್ದು ಎಲ್ಲಿಯೋ ಒಂದು ಸಂಶೋಧನಾ ಪತ್ರಿಕೆಯ ಪುಟಗಳಲ್ಲಿ. ಆ ಪುಟಗಳಲ್ಲಿ ಅಸತ್ಯವು ನುಸುಳಿದರೆ ಅದರ ಫಲವನ್ನು ಉಣ್ಣುವವರು ಆ ಪತ್ರಿಕೆಯ ಹೆಸರನ್ನು ಸಹ ಕೇಳಿರದ ತಾಯಂದಿರು ಮತ್ತು ಮಕ್ಕಳು. ಆದುದರಿಂದ ಸಂಶೋಧನೆಯ ನೀತಿ ಎಂಬುದು ಕೇವಲ ಪ್ರಾಧ್ಯಾಪಕರ ಮರ್ಯಾದೆಯ ಪ್ರಶ್ನೆಯಲ್ಲ. ಅದು ಸಾರ್ವಜನಿಕ ಆರೋಗ್ಯದ ಪ್ರಶ್ನೆ.

ಪ್ರಬಂಧವೊಂದು ಅಚ್ಚಾಗುವ ಬಗೆ

ಸಂಶೋಧಕನು ಕಳುಹಿಸಿದ ಪ್ರಬಂಧವನ್ನು ಸಂಪಾದಕರು ಅದೇ ವಿಷಯದಲ್ಲಿ ಪರಿಣತರಾದ ಇಬ್ಬರು ಮೂವರಿಗೆ ಕಳುಹಿಸಿ ಅಭಿಪ್ರಾಯ ಕೇಳುತ್ತಾರೆ. ಈ ಪರಿಶೀಲಕರು ಸಾಮಾನ್ಯವಾಗಿ ಸಂಭಾವನೆಯಿಲ್ಲದೆ ದುಡಿಯುವವರು. ಅವರು ತರ್ಕದ ದೋಷವನ್ನು ತೋರಿಸಬಲ್ಲರು, ಲೆಕ್ಕದ ತಪ್ಪನ್ನು ಹಿಡಿಯಬಲ್ಲರು, ಇನ್ನಷ್ಟು ಪ್ರಯೋಗ ಬೇಕೆಂದು ಸೂಚಿಸಬಲ್ಲರು. ಆದರೆ ಅವರ ಮುಂದಿರುವುದು ಕಾಗದ ಮಾತ್ರ. ರೋಗಿಯ ಹಾಸಿಗೆಯ ಬಳಿ ಅವರು ನಿಂತಿಲ್ಲ, ಪ್ರಯೋಗಶಾಲೆಯ ದಫ್ತರವನ್ನು ತೆರೆದು ನೋಡಿಲ್ಲ. ಬರೆದವನು ಕಂಡದ್ದನ್ನೇ ಬರೆದಿದ್ದಾನೆ ಎಂಬ ನಂಬಿಕೆಯ ಮೇಲೆಯೇ ಇಡೀ ಕಟ್ಟಡ ನಿಂತಿದೆ.

ಈ ನಂಬಿಕೆಯನ್ನು ಕಾಯಲೆಂದೇ ಕೆಲವು ನಿಯಮಗಳು ರೂಪುಗೊಂಡಿವೆ. ಇಲ್ಲದ ಅಂಕಿಗಳನ್ನು ಸೃಷ್ಟಿಸಬಾರದು. ಇರುವ ಅಂಕಿಗಳನ್ನು ತಿದ್ದಬಾರದು. ಇನ್ನೊಬ್ಬರ ಬರಹವನ್ನು ತನ್ನದೆಂದು ತೋರಿಸಬಾರದು. ದುಡಿಯದವನ ಹೆಸರನ್ನು ಸೇರಿಸಬಾರದು, ದುಡಿದವನ ಹೆಸರನ್ನು ಬಿಡಬಾರದು. ಸಂಶೋಧನೆಗೆ ಯಾರ ಹಣ ಬಂದಿತೆಂಬುದನ್ನು ಮುಚ್ಚಿಡಬಾರದು. ಮನುಷ್ಯರ ಮೇಲೆ ನಡೆಯುವ ಪ್ರಯೋಗಗಳಿಗೆ ಇನ್ನೂ ಬಿಗಿಯಾದ ಕಟ್ಟಳೆಯಿದೆ. ವಿಶ್ವ ವೈದ್ಯಕೀಯ ಸಂಘವು 1964ರಲ್ಲಿ ಹೆಲ್ಸಿಂಕಿಯಲ್ಲಿ ಅಂಗೀಕರಿಸಿದ ಘೋಷಣೆಯ ತಿರುಳು ಇಷ್ಟೇ: ವಿಜ್ಞಾನದ ಲಾಭಕ್ಕಿಂತ ರೋಗಿಯ ಕ್ಷೇಮ ದೊಡ್ಡದು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಪರಿಷ್ಕರಿಸಿ ಹೊರತಂದ ಮಾರ್ಗಸೂಚಿಗಳು ರೋಗಿಯ ತಿಳಿವಳಿಕೆಪೂರ್ವಕ ಒಪ್ಪಿಗೆಯನ್ನೂ ನೈತಿಕ ಸಮಿತಿಯ ಅನುಮತಿಯನ್ನೂ ಅಗತ್ಯವೆಂದು ವಿಧಿಸುತ್ತವೆ.

ನಿಯಮಗಳು ಮುರಿದಾಗ ಏನಾಗುತ್ತದೆ ಎಂಬುದನ್ನು ಅರಿಯಲು ಒಂದೇ ಉದಾಹರಣೆ ಸಾಕು.

ಹನ್ನೆರಡು ಮಕ್ಕಳ ಪ್ರಬಂಧ

1998ರ ಫೆಬ್ರವರಿ ತಿಂಗಳಲ್ಲಿ ಲಂಡನ್ನಿನ ಪ್ರಸಿದ್ಧ ವೈದ್ಯಕೀಯ ಪತ್ರಿಕೆ 'ದಿ ಲ್ಯಾನ್ಸೆಟ್'ನಲ್ಲಿ ಒಂದು ಪ್ರಬಂಧ ಪ್ರಕಟವಾಯಿತು. ಅಲ್ಲಿನ ರಾಯಲ್ ಫ್ರೀ ಆಸ್ಪತ್ರೆಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಅವರ ಹನ್ನೆರಡು ಮಂದಿ ಸಂಗಡಿಗರು ಅದರ ಲೇಖಕರು. ಅವರು ಪರೀಕ್ಷಿಸಿದ ಮಕ್ಕಳೂ ಹನ್ನೆರಡೇ. ದಡಾರ, ಮಂಗನಬಾವು, ರುಬೆಲ್ಲಾ ಎಂಬ ಮೂರು ರೋಗಗಳಿಗೆ ಒಟ್ಟಾಗಿ ಕೊಡುವ ಎಂಎಂಆರ್ ಲಸಿಕೆಯ ನಂತರ ಎಂಟು ಮಕ್ಕಳ ವರ್ತನೆ ಬದಲಾಯಿತೆಂದು ತಂದೆತಾಯಿಯರು ಹೇಳಿದರೆಂಬುದು ಪ್ರಬಂಧದ ಮುಖ್ಯ ಅಂಶ. ಲಸಿಕೆಗೂ ಆಟಿಸಂಗೂ ಸಂಬಂಧವಿದೆಯೆಂಬುದು ಸಿದ್ಧವಾಗಿಲ್ಲವೆಂದು ಪ್ರಬಂಧವೇ ಒಪ್ಪಿಕೊಂಡಿತ್ತು. ಆದರೂ ಪತ್ರಕರ್ತರ ಗೋಷ್ಠಿಯಲ್ಲಿ ವೇಕ್‌ಫೀಲ್ಡರು ಮೂರನ್ನೂ ಬೇರೆ ಬೇರೆಯಾಗಿ ಹಾಕಿಸುವುದೇ ಲೇಸೆಂಬ ಅಭಿಪ್ರಾಯವನ್ನು ಸಾರಿದರು. ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು.

ಮಕ್ಕಳಿಗೆ ಈ ಲಸಿಕೆ ಹಾಕಿಸುವುದು ಎರಡನೆಯ ವರ್ಷದಲ್ಲಿ. ಆಟಿಸಂನ ಲಕ್ಷಣಗಳು ತಂದೆತಾಯಿಯರ ಕಣ್ಣಿಗೆ ಬೀಳುವುದೂ ಹೆಚ್ಚುಕಡಿಮೆ ಆ ವಯಸ್ಸಿನಲ್ಲಿಯೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಮಾತ್ರಕ್ಕೆ ಕಾಗೆಯೇ ಕೊಂಬೆಯನ್ನು ಮುರಿಯಿತೆನ್ನಲಾದೀತೆ? ಅದನ್ನು ನಿರ್ಧರಿಸಲು ಹನ್ನೆರಡು ಮಕ್ಕಳು ಸಾಲರು. ಲಸಿಕೆ ಹಾಕಿಸಿದ ಮಕ್ಕಳನ್ನೂ ಹಾಕಿಸದ ಮಕ್ಕಳನ್ನೂ ಲಕ್ಷಾಂತರ ಸಂಖ್ಯೆಯಲ್ಲಿ ಹೋಲಿಸಬೇಕು. ಡೆನ್ಮಾರ್ಕಿನ ವಿಜ್ಞಾನಿಗಳು ಆ ಕೆಲಸವನ್ನು ಮಾಡಿದರು. 2002ರಲ್ಲಿ 5,37,303 ಮಕ್ಕಳ ಮತ್ತು 2019ರಲ್ಲಿ 6,57,461 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ ಅವರು ಪ್ರಕಟಿಸಿದ ಎರಡು ಅಧ್ಯಯನಗಳಲ್ಲಿಯೂ ಲಸಿಕೆಯಿಂದ ಆಟಿಸಂ ಹೆಚ್ಚಾದ ಸುಳಿವು ಕಾಣಲಿಲ್ಲ.

ಇಷ್ಟೇ ಆಗಿದ್ದರೆ ಇದು ಅವಸರದ ತೀರ್ಮಾನವೊಂದರ ಕಥೆಯಾಗುತ್ತಿತ್ತು; ವಿಜ್ಞಾನದಲ್ಲಿ ತಪ್ಪು ತೀರ್ಮಾನ ಅಪರಾಧವಲ್ಲ. ಆದರೆ 'ಸಂಡೇ ಟೈಮ್ಸ್' ಪತ್ರಿಕೆಯ ಬ್ರಯನ್ ಡೀರ್ ಎಂಬ ಪತ್ರಕರ್ತರು 2004ರಲ್ಲಿ ಬೇರೊಂದು ಸಂಗತಿಯನ್ನು ಹೊರಗೆಡವಿದರು. ಲಸಿಕೆ ತಯಾರಕರ ಮೇಲೆ ಮೊಕದ್ದಮೆ ಹೂಡಲು ಸಿದ್ಧರಾಗಿದ್ದ ವಕೀಲರಿಂದ ವೇಕ್‌ಫೀಲ್ಡರಿಗೆ ಹಣ ಸಂದಿತ್ತು; ಪರೀಕ್ಷೆಗೊಳಗಾದ ಮಕ್ಕಳಲ್ಲಿ ಕೆಲವರ ತಂದೆತಾಯಿಯರೇ ಆ ವಕೀಲರ ಕಕ್ಷಿದಾರರಾಗಿದ್ದರು. ಪ್ರಬಂಧದಲ್ಲಿ ಇದರ ಪ್ರಸ್ತಾಪವೇ ಇರಲಿಲ್ಲ. ಹೀಗೆ ಸಂದ ಶುಲ್ಕವು ವೆಚ್ಚಗಳನ್ನು ಬಿಟ್ಟು 4,35,643 ಪೌಂಡುಗಳೆಂದು ಅನಂತರ ಬಯಲಾಯಿತು. ಪ್ರಬಂಧ ಅಚ್ಚಾಗುವ ಮೊದಲೇ, 1997ರಲ್ಲಿ, ದಡಾರಕ್ಕೆ ಬೇರೊಂದು ಲಸಿಕೆಯ ಹಕ್ಕಿಗಾಗಿ ಅರ್ಜಿಯೂ ಸಲ್ಲಿಕೆಯಾಗಿತ್ತು. ವಿಷಯ ಹೊರಬಿದ್ದ ಮೇಲೆ ಸಹಲೇಖಕರಲ್ಲಿ ಹತ್ತು ಮಂದಿ ಪ್ರಬಂಧದ ವ್ಯಾಖ್ಯಾನದಿಂದ ಹಿಂದೆ ಸರಿದರು.

ಬ್ರಿಟನ್ನಿನ ವೈದ್ಯಕೀಯ ಮಂಡಳಿ ದೀರ್ಘ ವಿಚಾರಣೆ ನಡೆಸಿ, 2010ರ ಜನವರಿಯಲ್ಲಿ ವೇಕ್‌ಫೀಲ್ಡರ ನಡತೆ ಅಪ್ರಾಮಾಣಿಕವಾಗಿತ್ತೆಂದು ನಿರ್ಣಯಿಸಿತು. ತನ್ನ ಮಗನ ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆ ತಲಾ 5 ಪೌಂಡು ಕೊಟ್ಟು ರಕ್ತ ತೆಗೆಸಿದ್ದುದೂ ಆ ವಿಚಾರಣೆಯಲ್ಲಿ ಸಿದ್ಧಪಟ್ಟಿತು. ಮಕ್ಕಳು ಸಹಜ ಕ್ರಮದಲ್ಲಿ ಆಸ್ಪತ್ರೆಗೆ ಬಂದವರೆಂಬ ಮಾತೂ, ನೈತಿಕ ಸಮಿತಿಯ ಅನುಮೋದನೆಯಿತ್ತೆಂಬ ಮಾತೂ ಸುಳ್ಳೆಂದು ತಿಳಿಸಿ 'ಲ್ಯಾನ್ಸೆಟ್' 2010ರ ಫೆಬ್ರವರಿ 2ರಂದು ಪ್ರಬಂಧವನ್ನು ಸಂಪೂರ್ಣವಾಗಿ ಹಿಂತೆಗೆದುಕೊಂಡಿತು. ಮೇ ತಿಂಗಳಲ್ಲಿ ವೇಕ್‌ಫೀಲ್ಡರ ಹೆಸರು ವೈದ್ಯರ ಪಟ್ಟಿಯಿಂದ ಅಳಿಸಿಹೋಯಿತು. ಮರುವರ್ಷ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಡೀರ್ ಅವರ ತನಿಖೆಯನ್ನು ಪ್ರಕಟಿಸಿತು: ಮೊದಲು ಸಹಜವಾಗಿದ್ದರೆಂದು ಪ್ರಬಂಧವು ಹೇಳಿದ ಹನ್ನೆರಡು ಮಕ್ಕಳಲ್ಲಿ ಐವರಿಗೆ ಲಸಿಕೆಗೆ ಮುನ್ನವೇ ಬೆಳವಣಿಗೆಯ ತೊಂದರೆಗಳು ದಾಖಲಾಗಿದ್ದವು.

ಸುಳ್ಳಿನ ವೇಗ, ತಿದ್ದುಪಡಿಯ ವಿಳಂಬ

ಪ್ರಕಟಣೆಗೂ ಹಿಂತೆಗೆತಕ್ಕೂ ನಡುವೆ ಕಳೆದದ್ದು ಹನ್ನೆರಡು ವರ್ಷ. ಆ ಅವಧಿಯಲ್ಲಿ ಏನಾಯಿತು? ದಡಾರವು ಸಮುದಾಯದಲ್ಲಿ ಹಬ್ಬದಂತೆ ತಡೆಯಬೇಕಾದರೆ ನೂರಕ್ಕೆ ಸುಮಾರು 95 ಮಕ್ಕಳಿಗೆ ಲಸಿಕೆಯಾಗಿರಬೇಕು. ಇಂಗ್ಲೆಂಡಿನಲ್ಲಿ 1995-96ರಲ್ಲಿ ಶೇಕಡಾ 92ರಷ್ಟಿದ್ದ ಪ್ರಮಾಣ 2003-04ರ ವೇಳೆಗೆ ಶೇಕಡಾ 80ಕ್ಕೆ ಕುಸಿಯಿತು. ಹದಿನಾಲ್ಕು ವರ್ಷಗಳ ಬಳಿಕ, 2006ರಲ್ಲಿ, ಆ ದೇಶದಲ್ಲಿ ದಡಾರದಿಂದ ಒಬ್ಬ ಬಾಲಕನು ತೀರಿಕೊಂಡನು. ವೇಲ್ಸಿನ ಸ್ವಾನ್ಸಿ ಪ್ರದೇಶದಲ್ಲಿ 2012-13ರಲ್ಲಿ ರೋಗ ಹಬ್ಬಿದಾಗ ಸಾವಿರದ ಇನ್ನೂರಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು. ಅವರಲ್ಲಿ ಅನೇಕರು ಆ ಭಯದ ವರ್ಷಗಳಲ್ಲಿ ಲಸಿಕೆ ತಪ್ಪಿಸಿಕೊಂಡ ಮಕ್ಕಳು.

ಸಮುದ್ರದಾಚೆಯ ಈ ಕಥೆ ನಮ್ಮ ಮನೆಯ ಬಾಗಿಲಿಗೂ ಬಂದಿತು. ದಡಾರ-ರುಬೆಲ್ಲಾ ಲಸಿಕೆಯ ರಾಷ್ಟ್ರೀಯ ಅಭಿಯಾನವು 2017ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ ಮತ್ತು ಲಕ್ಷದ್ವೀಪಗಳಲ್ಲಿ ಮೊದಲಾದಾಗ, ಲಸಿಕೆ ಅಪಾಯಕರವೆಂಬ ವದಂತಿಗಳು ವಾಟ್ಸಾಪ್ ಮೂಲಕ ಹರಡಿ ಅನೇಕ ತಂದೆತಾಯಿಯರು ಹಿಂಜರಿದರು. ಲಂಡನ್ನಿನ ಪತ್ರಿಕೆ ಏಳು ವರ್ಷಗಳ ಹಿಂದೆಯೇ ಹಿಂತೆಗೆದುಕೊಂಡಿದ್ದ ಮಾತೂ ಈ ಬಗೆಯ ಸಂದೇಶಗಳಲ್ಲಿ ಜೀವಂತವಾಗಿಯೇ ಉಳಿದಿದೆ. ದಡಾರವು ಸಣ್ಣ ರೋಗವಲ್ಲವೆಂಬುದನ್ನು ಮುಂಬಯಿಯ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಕೋವಿಡ್ ಕಾಲದಲ್ಲಿ ಅನೇಕ ಮಕ್ಕಳಿಗೆ ಲಸಿಕೆ ತಪ್ಪಿದ್ದರಿಂದ, 2022ರ ಕೊನೆಯ ತಿಂಗಳುಗಳಲ್ಲಿ ಗೋವಂಡಿ ಮೊದಲಾದ ಬಡಾವಣೆಗಳಲ್ಲಿ ಅದು ಹಬ್ಬಿ ಎಳೆಯ ಮಕ್ಕಳ ಪ್ರಾಣವನ್ನು ತೆಗೆದುದನ್ನು ಅವರು ಕಂಡಿದ್ದಾರೆ.

ಅವಸರದ ಅನರ್ಥ

ಅದೇ ಕೋವಿಡ್ ಕಾಲದಲ್ಲಿ ಇನ್ನೊಂದು ಪಾಠವೂ ದೊರೆಯಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಯಿಂದ ರೋಗಿಗಳಿಗೆ ಹಾನಿಯಾಗುತ್ತಿದೆಯೆಂದು 2020ರ ಮೇ 22ರಂದು 'ಲ್ಯಾನ್ಸೆಟ್' ಒಂದು ಪ್ರಬಂಧವನ್ನು ಪ್ರಕಟಿಸಿತು. ಆರು ಭೂಖಂಡಗಳ 671 ಆಸ್ಪತ್ರೆಗಳ ಸುಮಾರು 96,000 ರೋಗಿಗಳ ವಿವರವೆಂದರೆ ಯಾರು ತಾನೆ ನಂಬುವುದಿಲ್ಲ? ವಿಶ್ವ ಆರೋಗ್ಯ ಸಂಸ್ಥೆ ಮೂರೇ ದಿನಗಳಲ್ಲಿ ಆ ಔಷಧದ ಪ್ರಯೋಗವನ್ನು ತಡೆಹಿಡಿಯಿತು. ಆದರೆ ಮೂಲ ದಾಖಲೆಗಳನ್ನು ತೋರಿಸಿರೆಂದಾಗ, ಅವುಗಳನ್ನು ಒದಗಿಸಿದ್ದ ಸರ್ಜಿಸ್ಫಿಯರ್ ಎಂಬ ಅಮೆರಿಕದ ಕಂಪನಿ ಸ್ವತಂತ್ರ ಪರಿಶೋಧಕರಿಗೆ ಅವನ್ನು ಕೊಡಲಿಲ್ಲ. ಜೂನ್ 4ರಂದು ಪ್ರಬಂಧ ಹಿಂದಕ್ಕೆ ಹೋಯಿತು. ಆ ಔಷಧದಿಂದ ಕೋವಿಡ್ ರೋಗಿಗಳಿಗೆ ಪ್ರಯೋಜನವಿಲ್ಲವೆಂದು ಅನಂತರದ ಪ್ರಾಮಾಣಿಕ ಪ್ರಯೋಗಗಳು ತೋರಿಸಿಕೊಟ್ಟವೆಂಬುದು ನಿಜ. ಆದರೆ ಉತ್ತರ ಸರಿಯಿದ್ದ ಮಾತ್ರಕ್ಕೆ ಲೆಕ್ಕ ಮಾಡದೆ ಬರೆದ ಉತ್ತರಕ್ಕೆ ಅಂಕ ಸಲ್ಲುವುದಿಲ್ಲ. ಸಮಾಧಾನದ ಸಂಗತಿಯೆಂದರೆ, ಹಿಂದೆ ಹನ್ನೆರಡು ವರ್ಷ ಹಿಡಿದ ಕಾರ್ಯವು ಈ ಬಾರಿ ಎರಡೇ ವಾರಗಳಲ್ಲಿ ಮುಗಿಯಿತು.

ಹಣ ಕೊಟ್ಟರೆ ಅಚ್ಚು

ದೊಡ್ಡ ಪತ್ರಿಕೆಗಳೇ ಮೋಸಹೋಗುವಾಗ, ಪರಿಶೀಲನೆಯ ಸೋಗು ಮಾತ್ರ ಹಾಕಿ, ಶುಲ್ಕ ಕೊಟ್ಟವರ ಪ್ರಬಂಧವನ್ನೆಲ್ಲ ಅಚ್ಚುಮಾಡುವ ಪತ್ರಿಕೆಗಳ ಮಾತೇನು? ಈ ದಂಧೆ ನಮ್ಮ ದೇಶದಲ್ಲಿಯೂ ಬೇರುಬಿಟ್ಟಿದೆ. ಹೈದರಾಬಾದಿನ ಓಮಿಕ್ಸ್ ಎಂಬ ಪ್ರಕಾಶನ ಸಂಸ್ಥೆಯ ಮೇಲೆ ಅಮೆರಿಕದ ವಾಣಿಜ್ಯ ಆಯೋಗವು 2016ರಲ್ಲಿ ದೂರು ಹೂಡಿತು. ಲೇಖಕರನ್ನು ವಂಚಿಸಿದ ಕಾರಣಕ್ಕೆ 5 ಕೋಟಿ ಡಾಲರಿಗೂ ಮೀರಿದ ಮೊತ್ತವನ್ನು ತೆರಬೇಕೆಂದು ಅಲ್ಲಿನ ನ್ಯಾಯಾಲಯವು 2019ರಲ್ಲಿ ಆದೇಶಿಸಿತು.

ಈ ರೋಗದ ಮೂಲ ಎಲ್ಲಿದೆ? ಅಧ್ಯಾಪಕನ ಬಡ್ತಿಯನ್ನು ಪ್ರಬಂಧಗಳ ತೂಕದಿಂದಲ್ಲ, ಎಣಿಕೆಯಿಂದ ನಿರ್ಧರಿಸುವ ಪದ್ಧತಿಯಲ್ಲಿದೆ. ಎಣಿಸುವವರಿದ್ದರೆ ಎಣಿಕೆಗೆ ಸಿಗುವ ವಸ್ತುವನ್ನು ಮಾರುವವರೂ ಹುಟ್ಟಿಕೊಳ್ಳುತ್ತಾರೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯಕ್ಕೆ ಶಿಕ್ಷೆಗಳನ್ನು ಗೊತ್ತುಮಾಡಿತು, ಪಿಎಚ್.ಡಿ. ಪ್ರಬಂಧದಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ನಕಲು ಕಂಡರೆ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಪಿಎಚ್.ಡಿ.ಗೆ ಮುನ್ನ ಪತ್ರಿಕೆಯಲ್ಲಿ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು 2022ರಲ್ಲಿ ತೆಗೆದುಹಾಕಿತು. ಒಳ್ಳೆಯ ಪತ್ರಿಕೆಗಳನ್ನು ಗುರುತಿಸಲು ತಾನೇ ಏರ್ಪಡಿಸಿದ್ದ 'ಕೇರ್' ಪಟ್ಟಿಯನ್ನು 2025ರಲ್ಲಿ ಕೈಬಿಟ್ಟು, ಆ ಹೊಣೆಯನ್ನು ವಿದ್ಯಾಸಂಸ್ಥೆಗಳಿಗೆ ವಹಿಸಿತು. ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಸಂಶೋಧನೆಗೆ ತೊಡಗಿದ ಮಕ್ಕಳಿದ್ದಾರೆ. ಎಷ್ಟು ಪ್ರಬಂಧ ಅಚ್ಚಾಯಿತೆಂದು ಅವರನ್ನು ಕೇಳುವ ಬದಲು, ಏನನ್ನು ಕಂಡುಕೊಂಡೆಯೆಂದು ಕೇಳುವುದು ತಂದೆತಾಯಿಯರು ಮಾಡಬಹುದಾದ ಉಪಕಾರ.

ನಾವು ಕೇಳಬೇಕಾದ ಪ್ರಶ್ನೆಗಳು

'ಸಂಶೋಧನೆಯಿಂದ ಸಿದ್ಧವಾಗಿದೆ' ಎಂಬ ಮಾತು ಕಿವಿಗೆ ಬಿದ್ದಾಗ ಸಾಮಾನ್ಯ ವಾಚಕರೂ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಪರೀಕ್ಷೆಗೊಳಗಾದವರು ಎಷ್ಟು ಜನ, ಹನ್ನೆರಡೋ, ಹನ್ನೆರಡು ಸಾವಿರವೋ? ಹೋಲಿಸಿ ನೋಡಲು ಇನ್ನೊಂದು ಗುಂಪು ಇದ್ದಿತೇ? ಹಣ ಕೊಟ್ಟವರಾರು, ಲಾಭ ಪಡೆಯುವವರಾರು? ಬೇರೆ ದೇಶದಲ್ಲಿ, ಬೇರೆಯವರ ಕೈಯಲ್ಲಿ ಅದೇ ಫಲ ದೊರೆಯಿತೇ? ಆ ಪ್ರಬಂಧ ಇಂದಿಗೂ ನಿಂತಿದೆಯೇ, ಹಿಂತೆಗೆತಕ್ಕೆ ಒಳಗಾಗಿದೆಯೇ? ಉತ್ತರ ಸಿಗದಿದ್ದರೆ ಸಂದೇಶವನ್ನು ಮುಂದಕ್ಕೆ ಕಳುಹಿಸದಿರುವುದೇ ಲೇಸು. ಸಂದೇಹವಿದ್ದಲ್ಲಿ ಮಗುವಿನ ವೈದ್ಯರನ್ನು ಕೇಳಬೇಕು. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಂತೆ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಸರದಿ 9ರಿಂದ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆಲವರ ಅಪ್ರಾಮಾಣಿಕತೆಯನ್ನು ಕಂಡು ವಿಜ್ಞಾನವೆಲ್ಲವೂ ಮೋಸವೆಂದು ತೀರ್ಮಾನಿಸುವುದು ನೆಗಡಿಯಾದರೆ ಮೂಗನ್ನೇ ಕೊಯ್ದುಕೊಂಡಂತೆ. ವೇಕ್‌ಫೀಲ್ಡರ ಸುಳ್ಳನ್ನು ಬಯಲಿಗೆಳೆದದ್ದು ಪತ್ರಿಕಾವೃತ್ತಿಯ ಛಲ. ಅದಕ್ಕೆ ಉತ್ತರ ಕೊಟ್ಟದ್ದು ಡೆನ್ಮಾರ್ಕಿನ ವಿಜ್ಞಾನಿಗಳ ತಾಳ್ಮೆಯ ಲೆಕ್ಕ. ತಪ್ಪನ್ನು ಒಪ್ಪಿಕೊಂಡು ಹಿಂತೆಗೆದುಕೊಳ್ಳುವ ಪತ್ರಿಕೆಯನ್ನು ನಾವು ಹೀಯಾಳಿಸಬಾರದು. ಎಂದೂ ಹಿಂತೆಗೆದುಕೊಳ್ಳದ ವದಂತಿಗೆ ಹೆದರಬೇಕು. ಅಚ್ಚಿನ ಅಕ್ಷರಕ್ಕೆ ನಮ್ಮ ಜನ ಸರಸ್ವತಿಯೆಂದು ಕೈಮುಗಿಯುತ್ತಾರೆ. ಆ ಗೌರವಕ್ಕೆ ಪಾತ್ರವಾಗಿ ಬರೆಯುವುದು ಸಂಶೋಧಕರ ಧರ್ಮ. ಪ್ರಮಾಣಿಸಿ ಓದುವುದು ನಮ್ಮ ಧರ್ಮ.